ಅಂಕಪಟ್ಟಿ ಎರಡು, ಮಗು ಒಂದೇ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಈ ವೇದಿಕೆಯಲ್ಲಿ ಸಾಮಾನ್ಯವಾಗಿ ವಚನಗಳ ಮೇಲೆ ಉಪನ್ಯಾಸ ನಡೆಯುತ್ತದೆ. ನಾನು ವಿದ್ವಾಂಸನಲ್ಲ. 34 ವರ್ಷ ಸರ್ಕಾರದ ಇಂಜಿನಿಯರಾಗಿ ರಸ್ತೆ, ಸೇತುವೆ, ಕೆರೆ ಏರಿ ನೋಡಿಕೊಂಡವನು. ಸ್ವಾಮೀಜಿಯವರು 'ನಿಮಗೆ ಗೊತ್ತಿರುವ ವಿಷಯ ಮಾತಾಡಿ' ಎಂದರು. ಅದಕ್ಕೇ ಪ್ರತಿವರ್ಷ ಜೂನ್ ತಿಂಗಳಲ್ಲಿ ನಮ್ಮ ಬಹಳ ಮನೆಗಳಲ್ಲಿ ಸದ್ದಿಲ್ಲದೆ ನಡೆಯುವ ಒಂದು ಸಂಕಟದ ಬಗ್ಗೆ ಮಾತಾಡುತ್ತೇನೆ. ಏಪ್ರಿಲ್‌ನಲ್ಲಿ ಪಿಯುಸಿ ಫಲಿತಾಂಶ ಬಂದಾಗ ಊರಿಗೆಲ್ಲ ಪೇಡೆ ಹಂಚಿದ ಮನೆ, ಜೂನ್‌ನಲ್ಲಿ ನೀಟ್ ಫಲಿತಾಂಶ ಬಂದಾಗ ಬಾಗಿಲು ಹಾಕಿಕೊಳ್ಳುತ್ತದೆ. ಮಗು ಅದೇ, ಓದು ಅದೇ. ಎರಡು ತಿಂಗಳ ಹಿಂದೆ ಜಾಣೆ ಆಗಿದ್ದವಳು ಈಗ ದಡ್ಡಿ ಹೇಗಾದಳು?

ನಮ್ಮ ಕೆಲಸದ ಒಂದು ಉದಾಹರಣೆ ಕೊಡುತ್ತೇನೆ. ಕಾಂಕ್ರೀಟ್ ಹಾಕುವ ಮೊದಲು ಸ್ಲಂಪ್ ಟೆಸ್ಟ್ ಮಾಡುತ್ತೇವೆ. ಹಸಿ ಕಾಂಕ್ರೀಟನ್ನು ಕೊಳವೆಯಂಥ ಅಚ್ಚಿಗೆ ತುಂಬಿ, ಅಚ್ಚು ಎತ್ತಿದಾಗ ಅದು ಎಷ್ಟು ಕುಸಿಯುತ್ತದೆ ಎಂದು ಅಳೆಯುವುದು. ಅದೇ ಕಾಂಕ್ರೀಟನ್ನು 15 ಸೆಂಟಿಮೀಟರ್ ಕ್ಯೂಬ್ ಮಾಡಿ, ನೀರಲ್ಲಿಟ್ಟು, 7ನೇ ದಿನ ಕೆಲವು, 28ನೇ ದಿನ ಕೆಲವು ಒಡೆದು ನೋಡುತ್ತೇವೆ. ಮೊದಲನೆಯದು ಕೆಲಸಕ್ಕೆ ಒಗ್ಗುವ ಗುಣ ಹೇಳುತ್ತದೆ, ಎರಡನೆಯದು ಗಟ್ಟಿತನ ಹೇಳುತ್ತದೆ. ಸ್ಲಂಪ್ ಸರಿ ಬಂತೆಂದು ಯಾವ ಇಂಜಿನಿಯರೂ ಕ್ಯೂಬ್ ಟೆಸ್ಟ್ ಬಿಡುವುದಿಲ್ಲ. ಒಂದರ ಅಂಕಿಯನ್ನು ಇನ್ನೊಂದರ ಜಾಗದಲ್ಲಿ ಬರೆಯುವುದೂ ಇಲ್ಲ. ಪಿಯುಸಿಗೂ ನೀಟ್‌ಗೂ ಇರುವುದು ಇಂಥದೇ ವ್ಯತ್ಯಾಸ.

ನನ್ನ ತಂಗಿಯ ಮೊಮ್ಮಗಳು ಗದಗ ಜಿಲ್ಲೆಯ ಹಳ್ಳಿಯವಳು. ಹತ್ತನೆಯವರೆಗೂ ಊರಿನ ಕನ್ನಡ ಶಾಲೆ. 2023ರಲ್ಲಿ ದ್ವಿತೀಯ ಪಿಯುಸಿಯಲ್ಲಿ 600ಕ್ಕೆ 578 ತೆಗೆದಳು. ಭೌತಶಾಸ್ತ್ರದಲ್ಲಿ 93. ನೀಟ್‌ನಲ್ಲಿ 720ಕ್ಕೆ 310 ಬಂತು. ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲವಂತೆ. ನಾನು ಹೋದಾಗ ಒಂದೇ ಮಾತು ಹೇಳಿದಳು: "ಅಜ್ಜಾ, ಓದಿಲ್ಲ ಅಂತ ಮಂದಿ ಅಂತಾರ. ನಾ ಓದೇನಿ."

ಓದಿದ್ದು ನಿಜ. ಹಾಗಾದರೆ ಅಂಕ ಎಲ್ಲಿ ಹೋಯಿತು? ನೀಟ್ ನಡೆಸುವ ಎನ್‌ಟಿಎ, ಮಗು ತುಂಬಿದ ಒಎಂಆರ್ ಹಾಳೆಯ ಚಿತ್ರವನ್ನೂ ಸರಿ ಉತ್ತರಗಳನ್ನೂ ಅಂತರ್ಜಾಲದಲ್ಲಿ ಹಾಕುತ್ತದೆ. ನಾವಿಬ್ಬರೂ ಕುಳಿತು ಅಳತೆ ಪುಸ್ತಕ ಬರೆದಂತೆ ಲೆಕ್ಕ ಹಾಕಿದೆವು. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆಯುವುದು, ಬಿಟ್ಟರೆ ಸೊನ್ನೆ. ಜೀವಶಾಸ್ತ್ರದ 90 ಪ್ರಶ್ನೆಗಳಲ್ಲಿ 68 ಸರಿ, 20 ತಪ್ಪು: 252 ಅಂಕ. ರಸಾಯನಶಾಸ್ತ್ರದ 45ರಲ್ಲಿ 19 ಸರಿ, 26 ತಪ್ಪು: 50 ಅಂಕ. ಭೌತಶಾಸ್ತ್ರದಲ್ಲಿ 42ಕ್ಕೆ ಉತ್ತರಿಸಿ 10 ಸರಿ, 32 ತಪ್ಪು: 180ಕ್ಕೆ ಬರೀ 8 ಅಂಕ! ಪಿಯುಸಿಯಲ್ಲಿ 93 ತೆಗೆದ ವಿಷಯದಲ್ಲೇ ಈ ಗತಿ.

ಕಾರಣ ಹುಡುಕಿದಾಗ ನಾಲ್ಕು ಸಿಕ್ಕವು. ಇವು ನಿಮ್ಮ ಮನೆಯ ಮಕ್ಕಳಿಗೂ ಅನ್ವಯಿಸಬಹುದು.

ಮೊದಲನೆಯದು, ಪಿಯುಸಿ ಅಂಕಪಟ್ಟಿಯಲ್ಲಿ ಇರುವುದು ಎರಡನೇ ವರ್ಷದ ಪಾಠ ಮಾತ್ರ. ನೀಟ್‌ನಲ್ಲಿ ಎರಡೂ ವರ್ಷದ ಪಾಠ ಬರುತ್ತದೆ. ಚಲನೆ, ಬಲ, ಶಾಖ ಎಲ್ಲ ಪ್ರಥಮ ಪಿಯುಸಿಯವು. ಪಬ್ಲಿಕ್ ಪರೀಕ್ಷೆ ಎರಡನೇ ವರ್ಷ ಎಂದು ಮೊದಲ ವರ್ಷವನ್ನು ಹಗುರವಾಗಿ ಕಳೆಯುವ ಕಾಲೇಜುಗಳು ಬಹಳ.

ಎರಡನೆಯದು, ಪಿಯುಸಿ ವಿಜ್ಞಾನದ ನೂರು ಅಂಕದಲ್ಲಿ 30 ಪ್ರಯೋಗಾಲಯದ್ದು, 70 ಬರವಣಿಗೆಯದು. ಬರವಣಿಗೆಯಲ್ಲಿ ಹಂತಹಂತಕ್ಕೆ ಅಂಕ. ಕೊನೆಯ ಉತ್ತರ ತಪ್ಪಿದರೂ ಸೂತ್ರ ಬರೆದದ್ದಕ್ಕೆ, ಚಿತ್ರ ಬಿಡಿಸಿದ್ದಕ್ಕೆ ಅಂಕ ಇದೆ. ನೀಟ್‌ನಲ್ಲಿ ಕೊನೆಯ ಉತ್ತರ ಒಂದೇ ಲೆಕ್ಕ.

ಮೂರನೆಯದು, ವೇಗ. ಅವಳು ಬರೆದ ವರ್ಷ 180 ಉತ್ತರಕ್ಕೆ 200 ನಿಮಿಷ ಇತ್ತು. 2025ರಿಂದ 180 ನಿಮಿಷ ಆಗಿದೆ. ಪ್ರಶ್ನೆಗೆ ಒಂದೇ ನಿಮಿಷ. ಓದುವುದು, ಲೆಕ್ಕ ಮಾಡುವುದು, ಗುಂಡು ತುಂಬುವುದು ಎಲ್ಲ ಅದರಲ್ಲೇ.

ನಾಲ್ಕನೆಯದು, ಗೊತ್ತಿಲ್ಲದ್ದನ್ನು ಬಿಡುವ ಧೈರ್ಯ. ಪಿಯುಸಿಯಲ್ಲಿ ಯಾವ ಪ್ರಶ್ನೆಯನ್ನೂ ಬಿಡಬೇಡಿ ಎಂದು ಕಲಿಸುತ್ತೇವೆ. ಆ ಅಭ್ಯಾಸದಿಂದ ಇವಳು ಒಟ್ಟು 78 ತಪ್ಪು ಮಾಡಿದಳು, ಅಷ್ಟೂ ಅಂಕ ಗಳಿಸಿದ್ದರಲ್ಲೇ ಹೋಯಿತು.

ಇಲ್ಲಿ ಕೆಲವರು ಕೇಳುತ್ತಾರೆ: 'ಎರಡು ವರ್ಷ ಓದಿದ್ದಕ್ಕೆ ಬೆಲೆಯೇ ಇಲ್ಲವೇ?' ನಿಯಮ ಹೇಗಿದೆ ಎಂದರೆ, ವೈದ್ಯಕೀಯಕ್ಕೆ ಪಿಯುಸಿಯ ಭೌತ, ರಸಾಯನ, ಜೀವಶಾಸ್ತ್ರದಲ್ಲಿ ಸಾಮಾನ್ಯ ವರ್ಗಕ್ಕೆ 50, ಮೀಸಲು ವರ್ಗಕ್ಕೆ 40 ಪ್ರತಿಶತ ಇದ್ದರೆ ಸಾಕು. ಅದರ ಮೇಲೆ 60 ಇರಲಿ, 99 ಇರಲಿ, ಸೀಟು ಹಂಚುವಾಗ ನೋಡುವುದು ನೀಟ್ ಮಾತ್ರ. ಇದಕ್ಕೆ ಹಿನ್ನೆಲೆ ಇದೆ. ಕ್ಯಾಪಿಟೇಷನ್ ಹಾವಳಿ ನಮ್ಮ ರಾಜ್ಯದಲ್ಲೇ ಎಷ್ಟಿತ್ತು ಎಂದು ಹಿರಿಯರಿಗೆ ನೆನಪಿದೆ. ಸುಪ್ರೀಂ ಕೋರ್ಟಿನಲ್ಲಿ 1992ರ ಮೋಹಿನಿ ಜೈನ್ ಪ್ರಕರಣ, 1993ರ ಉನ್ನಿಕೃಷ್ಣನ್ ಪ್ರಕರಣ ಆದ ಮೇಲೆ 1994ರಲ್ಲಿ ನಮ್ಮಲ್ಲಿ ಸಿಇಟಿ ಬಂತು. ದೇಶಕ್ಕೆಲ್ಲ ಒಂದೇ ಪರೀಕ್ಷೆಯಾಗಿ ನೀಟ್ 2013ರಲ್ಲಿ ಬಂದು, ಕೋರ್ಟಿನಲ್ಲಿ ಬಿದ್ದು, 2016ರಲ್ಲಿ ಮತ್ತೆ ಎದ್ದಿತು. ತಮಿಳುನಾಡಿನವರು ಅದಕ್ಕೂ ಮುಂಚೆ ಹನ್ನೆರಡನೇ ತರಗತಿಯ ಅಂಕದ ಮೇಲೆಯೇ ಸೀಟು ಕೊಡುತ್ತಿದ್ದರು, ಈಗಲೂ ಅದನ್ನೇ ಕೇಳುತ್ತಿದ್ದಾರೆ. ನಮ್ಮ ವಿಧಾನಮಂಡಲವೂ 2024ರ ಜುಲೈನಲ್ಲಿ ನೀಟ್ ವಿರುದ್ಧ ನಿರ್ಣಯ ಮಾಡಿದೆ. ನಿಯಮ ಬದಲಾಗಬೇಕೇ ಎಂಬ ಚರ್ಚೆ ಆಗಲಿ, ಆಗಬೇಕು. ಆದರೆ ಈ ವರ್ಷ ಪರೀಕ್ಷೆ ಬರೆಯುವ ಮಗು ಈ ವರ್ಷದ ನಿಯಮದಲ್ಲೇ ದಾರಿ ಹುಡುಕಬೇಕು.

ಇನ್ನೊಂದು ಗೊಂದಲ. 'ನೀಟ್ ಪಾಸಾಗಿದೆ, ಸೀಟು ಯಾಕಿಲ್ಲ?' ಎನ್ನುತ್ತಾರೆ. ಅರ್ಹತೆ ಬೇರೆ, ಸೀಟು ಬೇರೆ. ಸಾಮಾನ್ಯ ವರ್ಗಕ್ಕೆ 50 ಪರ್ಸೆಂಟೈಲ್ ಬಂದರೆ ಅರ್ಹತೆ. ಪರ್ಸೆಂಟೈಲ್ ಎಂದರೆ ನೂರಕ್ಕೆ ಐವತ್ತು ಅಂಕ ಅಲ್ಲ, ಬರೆದವರಲ್ಲಿ ಅರ್ಧದಷ್ಟು ಮಂದಿಗಿಂತ ಮುಂದೆ ಎಂದರ್ಥ. 2023ರಲ್ಲಿ ಅದು 720ಕ್ಕೆ 137 ಅಂಕ ಅಷ್ಟೆ. ಆ ಅರ್ಹತೆ ಹಿಡಿದು ಮಧ್ಯವರ್ತಿಗಳು ಮನೆಗೆ ಬರುತ್ತಾರೆ. ನನ್ನ ತಂಗಿಯ ಮನೆಗೂ ಒಬ್ಬ ಬಂದ. ಮ್ಯಾನೇಜ್‌ಮೆಂಟ್ ಸೀಟು, ಇಲ್ಲವೇ ವಿದೇಶ ಎಂದ. ಹೊಲ ಎಷ್ಟು ಎಕರೆ ಎಂದು ಮೊದಲು ಕೇಳಿದ, ಮಗುವಿನ ಹೆಸರು ಆಮೇಲೆ.

ವಿದೇಶದ ಮಾತು ಬಂದಾಗ ಹಾವೇರಿ ಜಿಲ್ಲೆಯ ಆ ವಿದ್ಯಾರ್ಥಿ ನಮ್ಮ ಕಣ್ಣ ಮುಂದೆ ಬರಬೇಕು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಸಿಕ್ಕು ತೀರಿಕೊಂಡ. ಪಿಯುಸಿಯಲ್ಲಿ 97 ಪ್ರತಿಶತ ಇದ್ದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ತಂದೆ ಅಂದು ಎಲ್ಲರ ಮುಂದೆ ಹೇಳಿದರು. ಆ ತಂದೆತಾಯಿ ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಅವರಿಗೆ ನಾವೆಲ್ಲ ಕೈ ಮುಗಿಯಬೇಕು. ಯುದ್ಧ ಎಲ್ಲ ದೇಶದಲ್ಲೂ ಇಲ್ಲ, ಸರಿ. ಆದರೆ ವಿದೇಶಕ್ಕೆ ಹೋಗುವವರು ತಿಳಿದಿರಲಿ: ಹೋಗಲೂ ನೀಟ್ ಅರ್ಹತೆ ಬೇಕು, ಅಲ್ಲಿಯ ಓದು ಕನಿಷ್ಠ 54 ತಿಂಗಳಿರಬೇಕು, ಮರಳಿದ ಮೇಲೆ ಇಲ್ಲಿ 300 ಅಂಕದ ಇನ್ನೊಂದು ಪರೀಕ್ಷೆಯಲ್ಲಿ 150 ತೆಗೆಯಬೇಕು. ಒಂದು ಪರೀಕ್ಷೆಯಿಂದ ತಪ್ಪಿಸಿಕೊಳ್ಳಲು ಹೋದವರಿಗೆ ಮುಂದೆ ಇನ್ನೊಂದು ಕಾದಿರುತ್ತದೆ.

ನಮ್ಮ ಮನೆಯಲ್ಲಿ ಹೊಲ ಮಾರುವುದಿಲ್ಲ ಎಂದು ಮೊದಲು ತೀರ್ಮಾನವಾಯಿತು. ಎರಡನೆಯ ತೀರ್ಮಾನ: ಒಂದೇ ಒಂದು ವರ್ಷ, ಎರಡನೆಯದಿಲ್ಲ. ಮೂರನೆಯದು: ಅದೇ ವರ್ಷ ಸಿಇಟಿಯನ್ನೂ ಬರೆಯುವುದು. ಮಗು ಮನೆಯಲ್ಲೇ ಕುಳಿತು ಪ್ರಥಮ ಪಿಯುಸಿಯ ಭೌತಶಾಸ್ತ್ರವನ್ನು ಮೊದಲ ಪುಟದಿಂದ ಓದಿದಳು. ಪ್ರತಿ ಭಾನುವಾರ ಮಧ್ಯಾಹ್ನ 2 ಗಂಟೆಯಿಂದ 5:20ರವರೆಗೆ, ನಿಜವಾದ ಪರೀಕ್ಷೆಯ ಹೊತ್ತಿಗೇ, ಹಳೆಯ ಪ್ರಶ್ನೆಪತ್ರಿಕೆ, ಒಎಂಆರ್ ಹಾಳೆ, ಗಡಿಯಾರ. ತಪ್ಪಾದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು.

2024ರಲ್ಲಿ ಭೌತಶಾಸ್ತ್ರ 8ರಿಂದ 78ಕ್ಕೆ ಏರಿತು, ಒಟ್ಟು 466 ಆಯಿತು. ಆದರೂ ಸರ್ಕಾರಿ ಎಂಬಿಬಿಎಸ್ ಸೀಟು ಬರಲಿಲ್ಲ. ಪ್ರಶ್ನೆಪತ್ರಿಕೆ ಸೋರಿಕೆಯ ಗಲಾಟೆ ಎದ್ದದ್ದು ಆ ವರ್ಷವೇ. ದೇಶದಲ್ಲೆಲ್ಲ ಅಂಕಗಳು ಏರಿ, ಅರ್ಹತೆಯ ಅಂಕವೇ 137ರಿಂದ 162ಕ್ಕೆ ಹೋಗಿತ್ತು. ಮಗು ಬೆಳೆದಿತ್ತು, ಗೆರೆಯೂ ಮೇಲೆ ಹೋಗಿತ್ತು. ಇದನ್ನು ಯಾಕೆ ಹೇಳುತ್ತೇನೆಂದರೆ, ಮತ್ತೊಂದು ವರ್ಷ ಕೂತರೆ ಸೀಟು ಖಚಿತ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅವಳ 578 ವ್ಯರ್ಥವಾಗಲಿಲ್ಲ. ಇಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ ಇವುಗಳಿಗೆ ಸಿಇಟಿ ರ‍್ಯಾಂಕ್ ಕೊಡುವಾಗ ಪಿಯುಸಿ ಅಂಕಕ್ಕೂ ಪಾಲಿದೆ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಕೂಡ ಇದೆ. ಅವಳು ಈಗ ಪಶುವೈದ್ಯಕೀಯ ಓದುತ್ತಿದ್ದಾಳೆ. ಊರಲ್ಲಿ ಕೆಲವರು 'ದನದ ಡಾಕ್ಟರಾ?' ಎಂದು ನಗುತ್ತಾರೆ. ಅದೇ ಮಂದಿ ರಾತ್ರಿ ಎಮ್ಮೆ ಈಯಲು ಕಷ್ಟಪಟ್ಟಾಗ ಯಾರ ಬಾಗಿಲು ಬಡಿಯುತ್ತಾರೆ? ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಈ ಸಭೆಯಲ್ಲಿ ಎಷ್ಟು ಸಲ ಕೇಳಿದ್ದೇವೆ! ಮಗಳ ಕೋರ್ಸಿನ ಹೆಸರು ಹೇಳುವಾಗ ನಮ್ಮ ದನಿ ಇಳಿದರೆ, ಆ ಮಾತನ್ನು ನಾವು ಕಿವಿಯಲ್ಲಿ ಮಾತ್ರ ಕೇಳಿದ್ದೇವೆ ಎಂದಾಯಿತು.

ಪೋಷಕರಿಗೆ ಎರಡು ಕಾಗದದ ವಿಷಯ. ನೀಟ್ ಅರ್ಜಿಯಲ್ಲಿ ಕೇಳುವ ಒಬಿಸಿ ಎಂದರೆ ಕೇಂದ್ರದ ಪಟ್ಟಿ. ರಾಜ್ಯದ 3ಬಿ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಅಲ್ಲಿ ಒಬಿಸಿ ಎಂದು ತುಂಬಬೇಡಿ, ನಿಮ್ಮ ಉಪಪಂಗಡ ಕೇಂದ್ರದ ಪಟ್ಟಿಯಲ್ಲಿದೆಯೇ ನೋಡಿ. 3ಬಿ ಕೇಳುವ ಜಾಗ ಕೆಇಎ ನಡೆಸುವ ರಾಜ್ಯದ ಸೀಟು ಹಂಚಿಕೆ. ಹಾಗೆಯೇ, ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು 15 ಪ್ರತಿಶತ, ಕನ್ನಡ ಮಾಧ್ಯಮದವರಿಗೆ 5 ಪ್ರತಿಶತ ಇದೆ. ಆ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಡಿ.

ಈಗ ಮಠಕ್ಕೆ ನನ್ನ ಎರಡು ಬಿನ್ನಹ. ಪ್ರಸಾದ ನಿಲಯದಲ್ಲಿ ಪ್ರಥಮ ಪಿಯುಸಿಯಿಂದಲೇ ತಿಂಗಳಿಗೊಂದು ಭಾನುವಾರ ಒಎಂಆರ್ ಹಾಳೆಯ ಪರೀಕ್ಷೆ ನಡೆಸೋಣ. ಹಾಳೆ ಮುದ್ರಿಸುವ ಖರ್ಚು ದೊಡ್ಡದಲ್ಲ, ನಿವೃತ್ತ ಶಿಕ್ಷಕರು ನಮ್ಮಲ್ಲಿದ್ದಾರೆ, ಲೆಕ್ಕ ನೋಡಲು ನಾನು ಬರುತ್ತೇನೆ. ಎರಡನೆಯದು, ಪ್ರತಿಭಾ ಪುರಸ್ಕಾರದಲ್ಲಿ ಮೆಡಿಕಲ್ ಸೀಟು ಪಡೆದವರನ್ನು ಮೊದಲು ಕರೆದು ಉಳಿದವರನ್ನು ಗುಂಪಾಗಿ ನಿಲ್ಲಿಸುವ ಪದ್ಧತಿ ಬಿಡೋಣ. ನರ್ಸಿಂಗ್, ಫಾರ್ಮಸಿ, ಕೃಷಿ, ಐಟಿಐ, ಯಾವುದೇ ಇರಲಿ, ಹೆಸರಿನ ಅಕ್ಷರದ ಕ್ರಮದಲ್ಲಿ ಕರೆಯೋಣ.

ಕೊನೆಗೆ ತಂದೆತಾಯಿಗಳಿಗೆ. 2017ರಲ್ಲಿ ತಮಿಳುನಾಡಿನ ಅರಿಯಲೂರು ಜಿಲ್ಲೆಯ ಬಡ ಕೂಲಿಯವರ ಮಗಳು ಹನ್ನೆರಡನೇ ತರಗತಿಯಲ್ಲಿ 1200ಕ್ಕೆ 1176 ತೆಗೆದು, ನೀಟ್‌ನಲ್ಲಿ ಹಿಂದೆ ಬಿದ್ದು, ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕೊನೆಗೆ ಜೀವ ಕಳೆದುಕೊಂಡಳು. ಅಂಥ ಮಗು ನಮ್ಮ ಮನೆಯಲ್ಲೂ ಇರಬಹುದು. ಫಲಿತಾಂಶದ ವಾರ ಮಗುವನ್ನು ಒಂಟಿಯಾಗಿ ಬಿಡಬೇಡಿ, ಪಕ್ಕದ ಮನೆಯ ಅಂಕ ಎತ್ತಬೇಡಿ. ಮನಸ್ಸು ತೀರ ಕುಗ್ಗಿದಂತೆ ಕಂಡರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಅದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

7ನೇ ದಿನದ ಕ್ಯೂಬು ಪೂರ್ತಿ ಬಲ ತೋರುವುದಿಲ್ಲ. ಸುಮಾರು ಮೂರರಲ್ಲಿ ಎರಡು ಪಾಲು ತೋರುತ್ತದೆ. ಉಳಿದದ್ದು ಬರಲು ಬೇಕಾಗಿರುವುದು ನೀರು ಮತ್ತು ದಿನಗಳು. ಆ ನೀರು ಹಾಕುವ ಕೆಲಸ ನಮ್ಮದು. ಹದಿನೆಂಟು ವಯಸ್ಸಿನ ಮಕ್ಕಳಿಗೂ ಅಷ್ಟೇ.