ಕೊಂಡ ವಿಮಾನ, ಕಟ್ಟಿದ ವಿಮಾನ



ನೆಲದಲ್ಲಿ ನಿಂತು ರೇಡಿಯೋ ಅಲೆಗಳಿಂದ ನಡೆಸುವ ಪುಟ್ಟ ವಿಮಾನಗಳು ಇಂದು ಅಂಗಡಿಯಲ್ಲಿ ಸಿದ್ಧವಾಗಿಯೇ ದೊರೆಯುತ್ತವೆ. ಹೀಗಿರುವಾಗ ನಾವು ವಾರಗಟ್ಟಲೆ ಕುಳಿತು ಬಾಲ್ಸಾ ಮರದ ಕಡ್ಡಿಗಳನ್ನು ಅಂಟಿಸುವುದೇಕೆ?

1937ರಲ್ಲಿ ಅಮೆರಿಕದ ವಾಲ್ಟರ್ ಗುಡ್, ವಿಲಿಯಂ ಗುಡ್ ಸಹೋದರರಿಗೆ ಈ ಪ್ರಶ್ನೆಯೇ ಇರಲಿಲ್ಲ. ‘ಗಫ್’ ಎಂಬ ವಿಮಾನವನ್ನೂ ಅದರ ರೇಡಿಯೋ ಯಂತ್ರವನ್ನೂ ಅವರೇ ಕಟ್ಟಿ ಹಾರಿಸಿದರು. ಅದೀಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸ್ವತ್ತು.

ಭಾರವು ತೀರ ಹಿಂದಕ್ಕೆ ಸರಿದರೆ ವಿಮಾನ ಹತೋಟಿಗೆ ಬಾರದೆಂಬುದನ್ನು ಕಟ್ಟುವವನು ರೆಕ್ಕೆಯಡಿ ಬೆರಳಿಟ್ಟು ತೂಗಿಯೇ ಅರಿಯುತ್ತಾನೆ. ಬಿದ್ದು ಮುರಿದರೆ ಯಾವ ಕಡ್ಡಿಯನ್ನು ಬದಲಿಸಬೇಕೆಂಬುದನ್ನೂ ಬಲ್ಲನು.

ಸಿದ್ಧ ವಿಮಾನವೇನೂ ತ್ಯಾಜ್ಯವಲ್ಲ. ಹಾರಿಸುವುದನ್ನು ಅದರಲ್ಲಿಯೇ ಕಲಿಯೋಣ. ಆರಂಭದ ಪತನಗಳು ತಿಂಗಳ ಶ್ರಮವನ್ನು ನುಂಗದಿರಲಿ. ಎರಡನೆಯ ವಿಮಾನವನ್ನು ಮಾತ್ರ ನಾವೇ ಕಟ್ಟೋಣ. ವಿಮಾನವು ಏಕೆ ಹಾರುತ್ತದೆಂಬುದು ತಿಳಿಯುವುದು ಅಲ್ಲಿಯೇ.