ಪತ್ತೇದಾರನ ಪಕ್ಕದಲ್ಲಿ ನಿಂತವನು



ನಾಲ್ಕನೇ ತರಗತಿವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬರೆದರು. ಆಮೇಲೆ ನೂರಾರು ಪತ್ತೇದಾರಿ ಕಾದಂಬರಿ ಬರೆದು ಕನ್ನಡದ ಸಾಮಾನ್ಯ ಜನರಿಗೆ ಓದಿನ ರುಚಿ ಹಚ್ಚಿದರು. ಇಂಥ ಪುಸ್ತಕ ಓದಿದವರು ಪತ್ತೇದಾರನ ಹೆಸರು ಮರೆಯುವುದಿಲ್ಲ. ನಾನು ಇಂದು ಅವನ ಪಕ್ಕದಲ್ಲಿ ನಿಲ್ಲುವ ಸಹಾಯಕನ ಬಗ್ಗೆ ಎರಡು ಮಾತು ಹೇಳುತ್ತೇನೆ.

ಆರ್ಥರ್ ಕಾನನ್ ಡಾಯ್ಲ್ 1887ರಿಂದ 1927ರವರೆಗೆ ಷರ್ಲಾಕ್ ಹೋಮ್ಸನ 60 ಕಥೆಗಳನ್ನು ಬರೆದರು. ನಾಲ್ಕನ್ನು ಬಿಟ್ಟರೆ ಉಳಿದೆಲ್ಲವನ್ನೂ ಹೇಳುವವನು ಗೆಳೆಯ ಡಾಕ್ಟರ್ ವಾಟ್ಸನ್. ಯಾಕೆ? ಹೋಮ್ಸನಿಗೆ ಗುಟ್ಟು ಬೇಗ ಗೊತ್ತಾಗಿಬಿಡುತ್ತದೆ. ಅವನೇ ಕಥೆ ಹೇಳಿದರೆ ಅದನ್ನು ನಮ್ಮಿಂದ ಮುಚ್ಚಿಡುವುದು ಕಷ್ಟ. ವಾಟ್ಸನ್ ಹಾಗಲ್ಲ. ಬೂಟಿನ ಕೆಸರು, ಸಿಗಾರಿನ ಬೂದಿ ಅವನಿಗೂ ಕಾಣುತ್ತವೆ, ಅರ್ಥ ಮಾತ್ರ ಹೊಳೆಯುವುದಿಲ್ಲ. “ಇದು ನಿನಗೆ ಹೇಗೆ ತಿಳಿಯಿತು?” ಎಂದು ಕೇಳುತ್ತಾನೆ. ಅದು ನಮ್ಮದೇ ಪ್ರಶ್ನೆ. ಒಂದು ಸಲ ಹೋಮ್ಸನೇ ಕಥೆ ಹೇಳಲು ಕುಳಿತಾಗ ವಾಟ್ಸನ್ ಇಲ್ಲದ ಕೊರತೆಯನ್ನು ಒಪ್ಪಿಕೊಳ್ಳುತ್ತಾನೆ.

ನಿಷ್ಠೆ ಎಂದರೆ ಹೌದಪ್ಪನ ಚಾವಡಿಯಲ್ಲಿ ಕೂಡುವುದಲ್ಲ. ಹೋಮ್ಸನ ಮಾದಕ ವಸ್ತುವಿನ ಚಟವನ್ನು ಅವನ ಮುಖಕ್ಕೇ ಖಂಡಿಸಿದವನು ವಾಟ್ಸನ್. ಹೋಮ್ಸ್ ಎಡವಿದ್ದನ್ನೂ ಬರೆದಿಟ್ಟವನು ಅವನೇ. 1924ರ ಒಂದು ಕಥೆಯಲ್ಲಿ ವಾಟ್ಸನ್‌ಗೆ ಗುಂಡು ತಗಲುತ್ತದೆ. ಕಲ್ಲಿನಂಥ ಹೋಮ್ಸನ ತುಟಿ ನಡುಗುವುದನ್ನು ನಾವು ಅಲ್ಲಿ ನೋಡುತ್ತೇವೆ.

ಬಂಗಾಳದ ಬ್ಯೋಮಕೇಶನಿಗೆ ಅಜಿತ್ ಇದ್ದಾನೆ. ಸತ್ಯಜಿತ್ ರಾಯ್ 1965ರಲ್ಲಿ ಸೃಷ್ಟಿಸಿದ ಫೆಲೂದಾನ ಕಥೆ ಹೇಳುವವನಂತೂ ತೋಪ್ಶೆ ಎಂಬ ಹುಡುಗ, ಈ ಶಾಲೆಯ ಮಕ್ಕಳ ವಾರಿಗೆಯವನು.

ಕೊಡೇಕಲ್ಲಿಗೆ ಈ ಮಾತು ಹೊಸದಲ್ಲ. ಕೊಡೇಕಲ್ಲ ಬಸವಣ್ಣನವರ ಪರಂಪರೆಯ ಕಾಲಜ್ಞಾನ ಸಾಹಿತ್ಯದಲ್ಲಿ ಅಮರಗನ್ನಡವೆಂಬ ಗುಪ್ತ ಲಿಪಿ ಇದೆ. ಗುಪ್ತ ಲಿಪಿಯನ್ನು ಕಟ್ಟಲು ಒಬ್ಬ ಜಾಣ ಸಾಕು. ಅದು ಉಳಿಯಬೇಕಾದರೆ ಕೇಳಿ ಕಲಿಯುವವರು, ಕಲಿತದ್ದನ್ನು ತಪ್ಪಿಲ್ಲದೆ ಮುಂದಿನವರ ಕೈಗೆ ಕೊಡುವವರು ಬೇಕು. ಅಂಥವರು ಇಲ್ಲವಾದ ದಿನ ಓಲೆ ಇದ್ದರೂ ಮಾತು ಸತ್ತಂತೆ.

ಮಕ್ಕಳೇ, ತರಗತಿಯಲ್ಲಿ ಎದ್ದು ನಿಂತು “ಸರ್, ತಿಳೀಲಿಲ್ಲ” ಎನ್ನುವವನನ್ನು ನೋಡಿ ನಗಬೇಡಿ. ಸುಮ್ಮನೆ ಕುಳಿತ ನಲವತ್ತು ಜನರ ಪ್ರಶ್ನೆಯನ್ನು ಅವನೊಬ್ಬನೇ ಕೇಳಿರುತ್ತಾನೆ. ನಿಮ್ಮ ಮನೆಯ ಅಜ್ಜ ಅಜ್ಜಿಯರಿಗೆ ಮಳೆ ನಕ್ಷತ್ರ ಗೊತ್ತು, ಹಂತಿ ಹಾಡು ಗೊತ್ತು, ಈ ಶಾಲೆಗೆ ಯಾರು ಕಲ್ಲು ಹೊತ್ತರು ಎಂಬುದೂ ಗೊತ್ತು. ಆದರೆ ಅವರ ಪಕ್ಕದಲ್ಲಿ ಇಂದು ವಾಟ್ಸನ್ ಇಲ್ಲ. ಇಂದು ರಾತ್ರಿ ಊಟವಾದ ಮೇಲೆ ಒಂದು ನೋಟ್‌ಬುಕ್ ಹಿಡಿದು ಅವರ ಬಳಿ ಕೂಡಿರಿ. ಕೇಳಿರಿ, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಿರಿ.