ಸಾಲೆಯ ಮಕ್ಕಳು ಸಂತೆಯಲ್ಲಿ ಹಾಡಿದ ವಿಚಾರ

(ಲೋಕಾಪುರದಲ್ಲಿ ನೇಕಾರರು, ಗಿರಣಿ ಕಾರ್ಮಿಕರು ಹಾಗೂ ಕಿರಕುಳ ವ್ಯಾಪಾರಸ್ಥರು ಕೂಡಿದ ಸಭೆಯಲ್ಲಿ ನಮ್ಮ ಪಕ್ಷದ ಸಂಘಟಕರು ಮಾಡಿದ ಭಾಷಣದ ಪಾಠ)



ಇಂದಿನ ಸಭೆಯನ್ನು ಕರೆದದ್ದು ಕೂಲಿದರದ ಬಗ್ಗೆ. ಆ ವಿಷಯವನ್ನು ನಮಗಿಂತ ಮೊದಲು ಮಾತಾಡಿದವರು ಲೆಕ್ಕಪತ್ರ ಸಹಿತ ನಿಮ್ಮ ಮುಂದೆ ಇಟ್ಟಿದ್ದಾರೆ. ಆದರೆ ಕಳೆದ ಸಂತೆಯಿಂದ ಈಚೆಗೆ ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಬಸ್ಸಿನ ನಿಲ್ದಾಣದಲ್ಲಿ ಬೇರೆಯೇ ಒಂದು ಮಾತು ನಡೆದಿದೆ. ಸಾಲೆಯ ಮಕ್ಕಳು ಸಂತೆಯಲ್ಲಿ ನಿಂತು ಹಾಡಿದ್ದು ಸರಿಯೋ ತಪ್ಪೋ ಎಂಬುದು ಆ ಮಾತು. ಅದನ್ನು ಏರ್ಪಡಿಸುವುದರಲ್ಲಿ ನಮ್ಮ ಕೈಯೂ ಇತ್ತು. ಆದಕಾರಣ ಉತ್ತರ ಕೊಡುವುದು ನಮ್ಮ ಮೇಲೆ ಬಿದ್ದಿದೆ. ಕೂಲಿದರಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳಬೇಡಿರಿ, ಕೊನೆಗೆ ಅಲ್ಲಿಗೇ ಬರುತ್ತೇವೆ.

ನಡೆದದ್ದು ಇಷ್ಟು. ಬಿಸಿಲು ಇಳಿದ ಮೇಲೆ ಕನ್ನಡ ಸಾಲೆಯ 11 ಮಕ್ಕಳು ಸಂತೆಯ ಕಟ್ಟೆಯೇರಿ ತಾವೇ ಕಟ್ಟಿದ ಪದ್ಯಗಳನ್ನು ಹೇಳಿದರು. ಪೇಟಿ ಇರಲಿಲ್ಲ. ಒಬ್ಬ ಹುಡುಗ ಎಣ್ಣೆಯ ಖಾಲಿ ಡಬ್ಬಿ ಬಡಿದು ತಾಳ ಕೂಡಿಸಿದ. ಬಾರದ ಮಳೆಯ ಮೇಲೆ ಒಂದು ಪದ್ಯ, ಕೈ ಮಾಡಿದರೂ ನಿಲ್ಲದ ಬಸ್ಸಿನ ಮೇಲೆ ಒಂದು, ಅಂಗಡಿಯ ತಕ್ಕಡಿಯ ಮೇಲೆ ಒಂದು. ತಕ್ಕಡಿಯ ಪದ್ಯ ಕೇಳಿ ವ್ಯಾಪಾರಸ್ಥರು ಸಿಟ್ಟಾಗಬಹುದೆಂದು ನಾವು ಅಂಜಿದ್ದೆವು. ಅವರು ನಕ್ಕರು. ಒಬ್ಬರಂತೂ ತಮ್ಮ ತಕ್ಕಡಿಯನ್ನೇ ಎತ್ತಿ ಹಿಡಿದು, ‘ಬಾ ತಮ್ಮಾ, ನೀನೇ ತೂಗಿ ನೋಡು’ ಎಂದರು. ಬೆಲ್ಲದ ಚೂರು ಹಂಚಿದವರೂ ಉಂಟು. ಸಿಟ್ಟು ಬಂದದ್ದು ಅಲ್ಲಿಂದಲ್ಲ, ನಮ್ಮವರಿಂದಲೇ.

ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗಿ ಎರಡೇ ಸಾಲು ಹೇಳಿದಳು:

ಅವ್ವನ ಕೈಯಾಗ ಕಂಡಿಕಿ ತಿರಗತೈತಿ,
ಅಕ್ಕನ ಸಾಲಿಚೀಲ ಗೂಟಕ್ಕ ತೂಗತೈತಿ.

ಅಷ್ಟು ಹೇಳಿ ಕೈ ಮುಗಿದು ಕೆಳಗಿಳಿದಳು. ಜನ ಚಪ್ಪಾಳೆ ತಟ್ಟಲಿಲ್ಲ. ಯಾರ ಮನೆಯ ಗೂಟ ಎಂಬುದು ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತಿತ್ತು. ಅವಳ ತಂದೆ ಅಲ್ಲಿಯೇ ಮೆಣಸಿನಕಾಯಿ ಕೊಳ್ಳುತ್ತ ನಿಂತಿದ್ದರು. ಅವರು ಸಾವಕಾರರ ನೂಲು ತಂದು ಮನೆಯಲ್ಲಿ ನೇಯುವವರು. ನಮ್ಮ ಸಂಘದ ವರ್ಗಣಿಯನ್ನು ಒಂದು ತಿಂಗಳೂ ತಪ್ಪಿಸಿದವರಲ್ಲ. ಮೆರವಣಿಗೆಯಲ್ಲಿ ಬಾವುಟ ಹಿಡಿದು ಮುಂದೆ ನಡೆದವರು. ಅದೇ ರಾತ್ರಿ ನಮ್ಮಲ್ಲಿಗೆ ಬಂದು, ‘ಮಾಸ್ತರ್ರ, ನನ್ನ ಮನಿ ಮರ್ಯಾದಿ ಸಂತ್ಯಾಗ ಹರಾಜ ಹಾಕಿಸಿದ್ರಿ’ ಎಂದು ಬಾಗಿಲಲ್ಲಿಯೇ ನಿಂತು ಹೇಳಿದರು. ಒಳಗೆ ಬನ್ನಿರೆಂದರೂ ಬರಲಿಲ್ಲ.

ಈ ಸಭೆಯಲ್ಲಿ ಅವರೂ ಕುಳಿತಿದ್ದಾರೆ. ಅವರ ಒಪ್ಪಿಗೆ ಪಡೆದೇ ಈ ಮಾತು ಆಡುತ್ತಿದ್ದೇವೆ. ಸಂತೆಯ ದಿನವೂ ಹಾಗೆಯೇ ಮೊದಲು ಕೇಳಬೇಕಾಗಿತ್ತು. ಕೇಳಲಿಲ್ಲ. ಆ ತಪ್ಪು ನಮ್ಮದು, ಮಗುವಿನದಲ್ಲ.

ನಮ್ಮ ಸಮಿತಿಯಲ್ಲಿ ಇದರ ಮೇಲೆ ಬಿಸಿ ಚರ್ಚೆಯಾಯಿತು. ‘ಮುಂದಿನ ಸಂತೆಗೆ ಆ ಎರಡು ಸಾಲು ಬಿಟ್ಟು ಉಳಿದದ್ದನ್ನು ಹಾಡಿಸಿರಿ’ ಎಂದು ಕೆಲವರು ಹೇಳಿದರು. ‘ಸಾಲೆಯ ಮಕ್ಕಳಿಗೆ ಸಂತೆ ಯಾಕೆ, ಸ್ನೇಹಸಮ್ಮೇಳನದಲ್ಲಿ ಹಾಡಲಿ’ ಎಂದರು ಇನ್ನು ಕೆಲವರು. ಹೆಣ್ಣುಮಕ್ಕಳು ಕಟ್ಟೆಯೇರಬಾರದೆಂದವರೂ ಇದ್ದರು. ಅವರಿಗೆ ಉತ್ತರ ಕೊಟ್ಟು ಹೊತ್ತು ಕಳೆಯುವುದಿಲ್ಲ. ಅದೇ ಹೆಣ್ಣುಮಕ್ಕಳು ಅದೇ ಸಂತೆಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಕಾಯಿಪಲ್ಲೆ ಮಾರುವಾಗ ಯಾರ ಮರ್ಯಾದೆಯೂ ಹೋಗಿರಲಿಲ್ಲ.

ಸಂತೆ ಯಾಕೆ ಎಂಬ ಪ್ರಶ್ನೆಗೆ ಮಾತ್ರ ನಿಂತು ಉತ್ತರ ಕೊಡಬೇಕು. ಸಾಲೆಯ ಮಕ್ಕಳು ಊರೊಳಗೆ ಬಂದು ಪದ್ಯ ಹೇಳುವುದು ನಾವು ಹೊಸದಾಗಿ ಹುಟ್ಟಿಸಿದ ರೂಢಿಯಲ್ಲ. ಸರಕಾರಿ ಸಾಲೆಗಳು ಬರುವ ಮೊದಲು ನಮ್ಮ ನಾಡಿನಲ್ಲಿ ಗಾಂವಠಿ ಸಾಲೆಗಳಿದ್ದವು. ಕೆಲವು ಕಡೆ ಅವಕ್ಕೆ ಕೂಲಿಮಠ ಎನ್ನುತ್ತಿದ್ದರು. ಅಲ್ಲಿ ಕಲಿಸುವ ಅಯ್ಯನಿಗೆ ಪಗಾರ ಎಂಬುದಿಲ್ಲ. ಮಹಾನವಮಿ ಬಂತೆಂದರೆ ಆತ ಮಕ್ಕಳಿಗೆ ಪದ ಕಲಿಸಿ, ಬಣ್ಣದ ಕೋಲು ಕೈಗೆ ಕೊಟ್ಟು, ಮನೆ ಮನೆಯ ಮುಂದೆ ನಿಲ್ಲಿಸಿ ಹಾಡಿಸುತ್ತಿದ್ದ. ಮನೆಯವರು ಕಾಳು ಕಡಿ, ದುಡ್ಡು ಕೊಡುತ್ತಿದ್ದರು. ಕರಾವಳಿಯ ಕಡೆ ಇದೇ ನವರಾತ್ರಿಯಲ್ಲಿ ಮಕ್ಕಳು ಮನೆ ಮನೆಗೆ ಹೋಗಿ ನಡೆಸುವ ಆಟಕ್ಕೆ ಹೂವಿನಕೋಲು ಎಂದು ಹೆಸರು. ಮೈಸೂರು ಸೀಮೆಯಲ್ಲಿ ಮಹಾನವಮಿಯ ಚೌಪದ ಎಂದರು.

ಆ ಪದ್ಧತಿಯನ್ನು ಹೊಗಳಿ ಆಕಾಶಕ್ಕೇರಿಸಲು ನಮಗೆ ಮನಸ್ಸಿಲ್ಲ. ಅಯ್ಯನ ಹೊಟ್ಟೆಗಾಗಿ ಮಕ್ಕಳು ಗಂಟಲು ಹರಿದುಕೊಂಡರು. ಹಾಡಿನಲ್ಲಿ ಮನೆಯ ಯಜಮಾನನಿಗೆ ಹರಕೆ, ಅವನ ಸಂಪತ್ತಿಗೆ ಹೊಗಳಿಕೆ. ಯಾರ ಮಕ್ಕಳಿಗೆ ಸಾಲೆಯ ಹೊಸ್ತಿಲೇ ಇರಲಿಲ್ಲವೋ ಆ ದಲಿತರ ಕೇರಿಯ ಬಾಗಿಲಿಗೆ ಆ ಹಾಡು ಹೋಗಲೂ ಇಲ್ಲ. ಆದರೆ ಒಂದು ಸಂಗತಿ ಅದರಲ್ಲಿತ್ತು. ವರ್ಷಕ್ಕೊಮ್ಮೆಯಾದರೂ ಸಾಲೆಯು ತಾನು ಕಲಿಸಿದ್ದನ್ನು ಊರ ಬಾಗಿಲಿಗೆ ತಂದು ಒಪ್ಪಿಸುತ್ತಿತ್ತು. ಮಗು ಏನು ಕಲಿತಿದೆ ಎಂಬುದನ್ನು ಓದು ಬಾರದ ಅಜ್ಜಿಯೂ ಕಿವಿಯಿಂದ ತಿಳಿಯುತ್ತಿದ್ದಳು. ಈಗ ನಾವು ಅಂಕಪಟ್ಟಿ ನೋಡಿ ಹೆಬ್ಬೆಟ್ಟು ಒತ್ತಿ ಕಳಿಸುತ್ತೇವೆ.

ನಮ್ಮ ತಾಲೂಕಿನ ಹಲಗಲಿಯ ಕಥೆ ನಿಮಗೆಲ್ಲ ಗೊತ್ತು. 1857ರಲ್ಲಿ ಆಯುಧಗಳನ್ನು ಒಪ್ಪಿಸಿರೆಂದು ಇಂಗ್ಲಿಷ್ ಸರಕಾರ ಹುಕುಂ ಹೊರಡಿಸಿದಾಗ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಹಿಡಿದವರಲ್ಲಿ ಅನೇಕರನ್ನು ಗಲ್ಲಿಗೇರಿಸಿದರು. ಈ ಸಂಗತಿಯನ್ನು ನಮ್ಮ ಜನ ಉಳಿಸಿಕೊಂಡದ್ದು ಯಾವ ದಫ್ತರದಿಂದ? ಲಾವಣಿಯಿಂದ. ಹಾಡುವವರು ಜಾತ್ರೆ ಸಂತೆಗಳಲ್ಲಿ ಡಪ್ಪು ಬಡಿದು ಹಾಡಿದರು, ಕೇಳಿದವರು ನೆನಪಿನಲ್ಲಿಟ್ಟರು. ಆ ಲಾವಣಿಯನ್ನು ಬರೆದುಕೊಂಡು ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಅದೂ 1880ರ ದಶಕದಲ್ಲಿ. ಆಗ ಇಲ್ಲಿದ್ದ ಮಾಸ್ತರರ ಕಿವಿಗೆ ಅದು ಪದ್ಯವೆಂದು ತೋರಿರಲಿಲ್ಲವೇನೋ! ಮುಂದೆ ಅದೇ ಲಾವಣಿ ಹೈಸ್ಕೂಲಿನ ಕನ್ನಡ ಪುಸ್ತಕದಲ್ಲಿ ಪಾಠವಾಗಿ ಬಂತು. ಸಂತೆಯಲ್ಲಿ ಹುಟ್ಟಿದ ಪದ್ಯ ಸಾಲೆಗೆ ಹೋಗಬಹುದಾದರೆ ಸಾಲೆಯಲ್ಲಿ ಹುಟ್ಟಿದ್ದು ಸಂತೆಗೆ ಬರಬಾರದೆ?

ಎಲ್ಲ ಮಾಸ್ತರರೂ ಕಿವುಡರಾಗಿರಲಿಲ್ಲವೆಂಬುದನ್ನೂ ಹೇಳಬೇಕು. ವಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ರೇವಪ್ಪ ಕಾಪಸೆಯವರು ಕೂಡಿಕೊಂಡು ಹೆಣ್ಣುಮಕ್ಕಳು ಬೀಸುವಾಗ ಹಾಡುವ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ಅದು ‘ಗರತಿಯ ಹಾಡು’ ಎಂಬ ಪುಸ್ತಕವಾಯಿತು. ಲಿಂಗಣ್ಣನವರು ಪ್ರಾಥಮಿಕ ಸಾಲೆಯ ಮಾಸ್ತರರು. ಬೀಸುವ ಕಲ್ಲಿನ ಮುಂದೆ ಕುಳಿತವಳ ಮಾತಿಗೆ ಅವರು ಕಿವಿಗೊಟ್ಟರು. ಇಂದು ಕಂಡಿಕೆಯ ರಾಟೆಯ ಮುಂದೆ ಕುಳಿತವಳ ಮಾತಿಗೆ ಅವಳ ಚಿಕ್ಕ ಮಗಳೇ ಕಿವಿಗೊಟ್ಟಿದ್ದಾಳೆ.

ಇನ್ನು ಕವಿತೆ ನಮ್ಮಂಥವರ ಮನೆಯ ಕಸುಬಲ್ಲ ಎಂಬ ಮಾತು. ಇದನ್ನು ಒಬ್ಬ ಬಳೆಗಾರ ಅಣ್ಣ ಕೇಳಿದರು: ‘ವ್ಯಾಪಾರದವರ ಮಕ್ಕಳು ಲೆಕ್ಕ ಕಲಿತ್ರ ಸಾಲದೇನ್ರಿ?’ ನಾವು ಅವರಿಗೆ ಅವರ ಕಸುಬಿನವನೇ ಆದ ಒಬ್ಬನ ಹೆಸರು ಹೇಳಿದೆವು. ಇಲ್ಲಿಂದ ಸಮೀಪದ ಮುಧೋಳದಲ್ಲಿ, ಆಗ ಅದರ ಹೆಸರು ಮುದುವೊಳಲ್, 949ರಲ್ಲಿ ಬಳೆಗಾರರ ಮನೆಯಲ್ಲಿ ರನ್ನ ಹುಟ್ಟಿದ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ವಿದ್ಯೆಗಾಗಿ ಮನೆ ಬಿಟ್ಟು ದೂರದ ಶ್ರವಣಬೆಳಗೊಳಕ್ಕೆ ಹೋದ. ಅಜಿತಸೇನರೆಂಬ ಗುರುಗಳು ಕಲಿಸಿದರು, ಚಾವುಂಡರಾಯ ಆಶ್ರಯ ಕೊಟ್ಟ. ಆಮೇಲೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. 993ರಲ್ಲಿ ಅತ್ತಿಮಬ್ಬೆಗಾಗಿ ‘ಅಜಿತಪುರಾಣ’ ಬರೆದಾಗ ತನ್ನ ಕುಲ, ತನ್ನ ಊರು ಯಾವುದನ್ನೂ ಮುಚ್ಚಿಡಲಿಲ್ಲ. ಬಳೆಗಾರ ಅಣ್ಣ ಬಹಳ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಅವನ ಅಂಗಡಿ ಯಾರ ನೋಡಕೊಂಡ್ರು?’ ಎಂದು ಕೇಳಿದರು. ನಾವು ನಕ್ಕುಬಿಟ್ಟೆವು. ನಗಬಾರದಾಗಿತ್ತು. ಒಬ್ಬನು ಕಲಿಯಲು ಹೊರಟರೆ ಇನ್ನೊಬ್ಬರು ಮನೆಯಲ್ಲಿ ದುಡಿಯುತ್ತ ಉಳಿಯುತ್ತಾರೆ. ಇಂದು ನಮ್ಮ ಮುಂದಿರುವ ಪ್ರಶ್ನೆಯೂ ಅದೇ. ತಂಗಿ ಪದ್ಯ ಕಟ್ಟುತ್ತಿದ್ದಾಳೆ, ಅಕ್ಕ ಕಂಡಿಕೆ ಸುತ್ತುತ್ತಿದ್ದಾಳೆ.

ಆ ಅಕ್ಕನಿಗೆ 13 ವರ್ಷ. ಕಾಯಿದೆ ಏನು ಹೇಳುತ್ತದೆ ನೋಡಿರಿ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು 14 ವರ್ಷದವರೆಗಿನ ಎಲ್ಲ ಮಕ್ಕಳಿಗೆ 10 ವರ್ಷಗಳೊಳಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರಕಾರ ಯತ್ನಿಸಬೇಕೆಂದಿತು. ಅಂದರೆ 1960ಕ್ಕೆ ಮುಗಿಯಬೇಕಾದ ಕೆಲಸ. ಹಕ್ಕಿನ ಕಾಯಿದೆ ಆದದ್ದು 2009ರಲ್ಲಿ, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. 50 ವರ್ಷ ತಡ! ಸಾವಕಾರನ ಬಾಕಿ 50 ದಿನ ತಡವಾದರೆ ನಿಮ್ಮ ಗತಿ ಏನಾಗುತ್ತದೆ? ಬಾಲಕಾರ್ಮಿಕರ ಕಾಯಿದೆಯನ್ನು 2016ರಲ್ಲಿ ತಿದ್ದಿ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದರು. ಆದರೆ ಸಾಲೆ ಬಿಟ್ಟ ಹೊತ್ತಿನಲ್ಲಿ, ಸೂಟಿಯಲ್ಲಿ, ಅಪಾಯವಿಲ್ಲದ ಕೆಲಸವಾದರೆ ಮನೆಯ ಉದ್ಯೋಗಕ್ಕೆ ನೆರವಾಗಬಹುದೆಂದು ಒಂದು ಸಂದು ಇಟ್ಟರು. ಮನೆಯೊಳಗಿನ ರಾಟೆ ಸಾಲೆಯ ಗಂಟೆಯನ್ನು ಕೇಳುತ್ತದೆಯೆ? ಮೊದಲು ಸಂಜೆ ಒಂದು ತಾಸು. ಆಮೇಲೆ ಸುಗ್ಗಿಯಲ್ಲಿ ಎರಡು ದಿನ. ಒಂದು ದಿನ ಚೀಲ ಗೂಟಕ್ಕೆ ಹೋಗುತ್ತದೆ, ಇಳಿಯುವುದೇ ಇಲ್ಲ.

ತಂದೆಯ ಮನೆಗೆ ನಾವು ಹೋಗಿದ್ದೆವು. ಅವರು ಮಗಳನ್ನು ದ್ವೇಷಿಸುವ ಮನುಷ್ಯರಲ್ಲ. ಲೆಕ್ಕ ಬಿಡಿಸಿ ಹೇಳಿದರು: ಕಂಡಿಕೆಗೆ ಹೊರಗಿನ ಆಳು ಇಟ್ಟರೆ ಸೀರೆಯ ಕೂಲಿಯಲ್ಲಿ ಉಳಿಯುವುದೇನೂ ಇಲ್ಲ. ನಾವೂ ಗಣಿತ ಕಲಿಸಿದವರು, ತಪ್ಪು ಹುಡುಕಿದೆವು, ಸಿಗಲಿಲ್ಲ. ತಾಯಿ ಒಂದೇ ಮಾತು ಆಡಿದಳು: ‘ಚೀಲ ಅಲ್ಲೇ ಐತ್ರಿ, ದಿನಾ ಧೂಳ ಝಾಡಸ್ತೀನಿ’. ಚಿಕ್ಕವಳನ್ನು ಕರೆದು, ಆ ಎರಡು ಸಾಲು ಬಿಟ್ಟು ಬೇರೆ ಪದ್ಯ ಹೇಳುತ್ತೀಯಾ ಎಂದು ಕೇಳಿದೆವು. ಅವಳು ತಂದೆಯ ಮುಖ ನೋಡಿ, ನಮ್ಮ ಮುಖ ನೋಡಿ, ‘ಹಂಗಾದ್ರ ಸುಳ್ಳ ಬರೀಲೇನ್ರಿ?’ ಎಂದಳು.

ಈ ಮಾತು ನಮಗೆ ಯಾಕೆ ನಾಟಿತೆಂಬುದನ್ನು ಹೇಳಿಬಿಡುತ್ತೇವೆ. ನಾವು ಮಾಸ್ತರಿಕೆ ಮಾಡುತ್ತಿದ್ದ ಒಂದು ಊರಿನಲ್ಲಿ, ತಪಾಸಣೆಗೆ ಸಾಹೇಬರು ಬರುವ ದಿನ, ಮಕ್ಕಳಿಗೆ ಸ್ವಾಗತದ ಹಾಡು ಕಲಿಸಿದ್ದೆವು. ಹಾಡು ಮುಗಿಯುತ್ತಲೂ ಒಬ್ಬ ಹುಡುಗ ತಾನೇ ಕಟ್ಟಿದ ಒಂದು ಸಾಲು ಸೇರಿಸಿ ಹೇಳಿದ. ಸಾಲೆಯ ಮಾಳಿಗೆ ಸೋರಿ ನಕಾಶೆಯಲ್ಲಿ ಭರತಖಂಡ ತೊಯ್ದಿದೆ ಎಂದು. ಸಾಹೇಬರು ನಕ್ಕರು, ನಾವು ನಗಲಿಲ್ಲ. ಅವರು ಹೋದ ಮೇಲೆ ಹುಡುಗನ ಕಿವಿ ಹಿಂಡಿದೆವು. ಮುಂದೆ ಆತ ಸಾಲೆಯಲ್ಲಿ ಬಾಯಿ ತೆರೆಯಲಿಲ್ಲ. ಮರುವರ್ಷ ಕುರಿ ಕಾಯಲು ಹೋದ. ಮಾಳಿಗೆ ಮಾತ್ರ ನಾವು ಆ ಊರು ಬಿಡುವ ತನಕವೂ ಸೋರುತ್ತಿತ್ತು.

ಆದುದರಿಂದ ಆ ಎರಡು ಸಾಲು ಬಿಡಿಸುವುದಕ್ಕೆ ನಮ್ಮ ಸಮ್ಮತಿಯಿಲ್ಲ. ಆದರೆ ತಂದೆಯ ತಲೆ ತಗ್ಗಿಸಿ ಚಪ್ಪಾಳೆ ಗಿಟ್ಟಿಸುವುದಕ್ಕೂ ಸಮ್ಮತಿಯಿಲ್ಲ. ಮರ್ಯಾದೆ ಹೋಗಬೇಕಾದದ್ದು ಅವರದಲ್ಲ. ಒಂದು ಸೀರೆಯ ಕೂಲಿಯಲ್ಲಿ ಗಂಡ, ಹೆಂಡತಿ, ಮಗಳು ಮೂವರ ದುಡಿಮೆಯನ್ನು ಅಡಗಿಸಿಟ್ಟು ಒಬ್ಬನ ಪಗಾರ ಕೊಡುವ ದರಪಟ್ಟಿಯ ಮರ್ಯಾದೆ ಹೋಗಲಿ. ಇವತ್ತಿನ ಠರಾವಿನಲ್ಲಿ ಕಂಡಿಕೆಯ ಕೂಲಿಯನ್ನು ಬೇರೆಯಾಗಿ ಕಾಣಿಸಬೇಕೆಂಬ ಕಲಮು ಇರಲಿಲ್ಲ. ನಾವು ಎಷ್ಟು ವರ್ಷದಿಂದ ದರದ ಠರಾವು ಬರೆಯುತ್ತಿದ್ದೇವೆ, ಒಬ್ಬರಿಗೂ ಹೊಳೆದಿರಲಿಲ್ಲ. ನಾಲ್ಕನೆಯ ಇಯತ್ತೆಯ ಹುಡುಗಿ ಹೇಳಿದ ಮೇಲೆ ಹೊಳೆಯಿತು. ಆ ಕಲಮನ್ನು ಸೇರಿಸಿರೆಂದು ಸೂಚಿಸುತ್ತೇವೆ. ಅನುಮೋದನೆ ನೀವು ಕೊಡಿರಿ.

ದರ ಏರುವ ತನಕ ಅಕ್ಕ ಕಾಯಲಾರಳು. ಸಂಘದ ನೆರವಿನ ನಿಧಿಯಿಂದ ಆ ಮನೆಗೆ ಕಂಡಿಕೆಯ ಆಳಿನ ಕೂಲಿಯಲ್ಲಿ ಅರ್ಧ ಪಾಲು ಕೊಡಬೇಕೆಂದು ಸಮಿತಿ ಒಪ್ಪಿದೆ. ಇಂಥ ಮನೆಗಳು ಇನ್ನೂ ಇವೆ, ನಿಧಿ ಸಾಲದು, ಇದು ನಮಗೆ ತಿಳಿದಿದೆ. ವ್ಯಾಪಾರಸ್ಥ ಬಂಧುಗಳು ಬೆಲ್ಲದ ಬದಲು ಕಾಗದ, ಪೆನ್ಸಿಲು ಕೊಟ್ಟರೆ ಒಳ್ಳೆಯದು. ಅಂಗಡಿಯ ಹೆಸರಿನ ಫಲಕವನ್ನು ಮಾತ್ರ ಮಕ್ಕಳ ಹಿಂದೆ ಕಟ್ಟಬೇಡಿರಿ. ನಮ್ಮ ಪಕ್ಷದ ಬಾವುಟವನ್ನೂ ಕಟ್ಟುವುದಿಲ್ಲ. ಮಕ್ಕಳು ಯಾರನ್ನೂ ಹೊಗಳಲು ಕಟ್ಟೆಯೇರುವುದಿಲ್ಲ, ತಟ್ಟೆ ಹಿಡಿದು ದುಡ್ಡೆತ್ತುವುದೂ ಇಲ್ಲ. ಇದಿಷ್ಟು ಮಾಸ್ತರರೊಂದಿಗೆ ಮಾತಾಗಿದೆ. ಇನ್ನು ಮೇಲೆ ಮನೆಯ ಸುದ್ದಿಯ ಪದ್ಯವಾದರೆ ಮೊದಲು ಮನೆಯವರಿಗೆ ಹೇಳಿ ತೋರಿಸುವುದೆಂದೂ ಆಗಿದೆ.

ಮುಂದಿನ ಸಂತೆಯ ದಿನ ನಾಲ್ಕು ಗಂಟೆಗೆ ಅದೇ ಕಟ್ಟೆ. ಅಕ್ಕನೂ ಬರುತ್ತಾಳೆಂದು ತಾಯಿ ಹೇಳಿಕಳಿಸಿದ್ದಾಳೆ. ಆಕೆ ಹಾಡುತ್ತಾಳೋ ಇಲ್ಲವೋ ಗೊತ್ತಿಲ್ಲ, ಒತ್ತಾಯ ಮಾಡಬೇಡಿರಿ. ಕಳೆದ ಸಲ ಕಟ್ಟೆಯ ಕಲ್ಲು ಕಾದು ಚಿಕ್ಕವರ ಕಾಲು ಸುಟ್ಟವು. ಯಾರ ಮನೆಯಲ್ಲಾದರೂ ದೊಡ್ಡ ಜಮಖಾನೆ ಇದ್ದರೆ ತಂದುಕೊಡಿರಿ, ಸಂಜೆಗೆ ಝಾಡಿಸಿ ಮರಳಿ ಮುಟ್ಟಿಸುತ್ತೇವೆ.